ವೀನಿಂಗ್ ಪೇಶೆಂಟ್ ಕೊಟ್ಟರೆ ಕೈಕಾಲು ಆಡಲ್ಲ: ವೆಂಟಿಲೇಟರ್ ಕೋರ್ಸ್ ಮಾಡಲಾ, ವಾರ್ಡ್ ಕೇಳಲಾ?

ಎರಡೂ ಬೇಡ.

ನೀವು ಐಸಿಯುಗೆ ಹೊಸ ಸಿಸ್ಟರ್, ವೀನಿಂಗ್ ಅಂದರೆ ವೆಂಟಿಲೇಟರ್ ಬಿಡಿಸೋ ಹಂತದ ಪೇಶೆಂಟ್ ಕೊಟ್ಟರೆ ಮೋಡ್‌ಗಳು (ಮಷಿನ್ ಉಸಿರು ಕೊಡೋ ಬಗೆಗಳು) ತಲೆಗೆ ಹತ್ತಲ್ಲ, ಭಯ ಆಗುತ್ತೆ ಅಂತ ಬರೆದಿದ್ದೀರಿ. ನಾನು ಆ ಕೋರ್ಸ್ ಮಾಡಿಕೊಂಡೇ ಐಸಿಯುಗೆ ಬಂದವಳು. ಎಸ್‌ಐಎಂವಿ, ಪ್ರೆಷರ್ ಸಪೋರ್ಟ್, ಸಿಪ್ಯಾಪ್ ಎಲ್ಲವನ್ನೂ ಗ್ರಾಫ್ ಸಮೇತ ಬರೆದು ತೋರಿಸ್ತಿದ್ದೆ. ನನ್ನ ಪೇಶೆಂಟ್ ಕೈತಪ್ಪಿ ಹೋಗ್ತಿದ್ದಾಗ ವೆಂಟಿಲೇಟರ್ ಆಫ್ ಆಗಿ ಪಕ್ಕದಲ್ಲಿ ನಿಂತಿತ್ತು. ಯಾವ ಮೋಡ್ ಗೊತ್ತಿದ್ದರೂ ಅವತ್ತು ಉಪಯೋಗಕ್ಕೆ ಬರ್ತಿರಲಿಲ್ಲ.

ಗದಗ ಕಡೆಯ ಒಬ್ಬ ಅಜ್ಜಿ. ಬೀಡಿ ಮುಟ್ಟಿದವರಲ್ಲ, ಜೀವಮಾನವೆಲ್ಲ ಕಟ್ಟಿಗೆ ಒಲೆ ಊದಿದವರು. ನಮ್ಮ ಹಳ್ಳಿಗಳ ಹೆಂಗಸರಲ್ಲಿ ಸಿಒಪಿಡಿಗೆ, ಅಂದರೆ ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆಗೆ, ಈ ಹೊಗೆ ದೊಡ್ಡ ಕಾರಣ. ಊರಲ್ಲಿ ಅದಕ್ಕೆ ದಮ್ಮು ಅಂತಾರೆ ಅಷ್ಟೆ. ನ್ಯುಮೋನಿಯಾ ಆಗಿ, ದಮ್ಮು ಏರಿ, ಗಂಟಲಿಗೆ ಉಸಿರಿನ ಟ್ಯೂಬ್ ಹಾಕಿಸಿಕೊಂಡು ಬಂದಿದ್ದರು. ಜ್ವರ ಇಳಿಯಿತು, ಆಕ್ಸಿಜನ್ 35 ಪರ್ಸೆಂಟ್‌ಗೆ, ಪೀಪ್ (ಉಸಿರು ಬಿಟ್ಟ ಮೇಲೂ ಮಷಿನ್ ಶ್ವಾಸಕೋಶದಲ್ಲಿ ಉಳಿಸೋ ಒತ್ತಡ) 5ಕ್ಕೆ ಇಳಿದು ಬಂತು, ಬಿಪಿಗೆ ಯಾವ ಡ್ರಿಪ್ಪೂ ಬೇಕಿರಲಿಲ್ಲ. ನಿದ್ದೆಯ ಔಷಧಿ ನಿಲ್ಲಿಸಿದ ಮೇಲೆ ಕಣ್ಣು ಬಿಟ್ಟು, ಕೈ ಹಿಡಿ ಅಂದರೆ ಹಿಡಿಯುತ್ತಿದ್ದರು. ನಿಮಿಷದ ಉಸಿರಿನ ಎಣಿಕೆಯನ್ನು ಟೈಡಲ್ ವಾಲ್ಯೂಮ್‌ನಿಂದ (ಒಂದು ಉಸಿರಿನ ಗಾಳಿ, ಲೀಟರ್‌ನಲ್ಲಿ) ಭಾಗಿಸುವ ಆರ್‌ಎಸ್‌ಬಿಐ ಲೆಕ್ಕವನ್ನು ನೀವೂ ಓದಿರುತ್ತೀರಿ, ಕಡಿಮೆ ಇದ್ದಷ್ಟೂ ಒಳ್ಳೆಯದು. ಸಂಶೋಧಕರಾದ ಯಾಂಗ್ ಮತ್ತು ಟೋಬಿನ್ 1991ರಲ್ಲಿ ಕೊಟ್ಟ ಗಡಿ 105. ಅಜ್ಜಿಯದು ಅದಕ್ಕಿಂತ ಬಹಳ ಕೆಳಗಿತ್ತು. ರೌಂಡ್ಸ್ ಮುಗಿಸಿ ಟ್ರಯಲ್ ಮಾಡಿದೆವು: ಮಷಿನ್ ಬಿಡಿಸಿ, ಬರೀ ಆಕ್ಸಿಜನ್ ಕೊಡೋ ಟಿ-ಪೀಸ್ ಕೊಳವೆಯಲ್ಲಿ ಅರ್ಧ ಗಂಟೆ ಅವರಾಗೇ ಉಸಿರಾಡೋದು. ಪಾಸ್. ಟ್ಯೂಬ್ ತೆಗೆದರು. ಒಡೆದ ದನಿಯಲ್ಲಿ ಮೊದಲು ಕೇಳಿದ್ದು ಮಗ ಉಂಡನಾ ಅಂತ.

ಇಲ್ಲಿಯವರೆಗೆ ಯಾರೂ ತಪ್ಪು ಮಾಡಿರಲಿಲ್ಲ. ಮುಂದಿನದು ನನ್ನದು.

ಫೈಲಿನಲ್ಲಿ ಡಾಕ್ಟರ್ ಸ್ಪಷ್ಟವಾಗಿ ಬರೆದಿದ್ದರು: ಸ್ಯಾಚುರೇಷನ್ 88ರಿಂದ 92ರ ಒಳಗೆ ಇರಲಿ. ನಾನು ಓದಿದ್ದೆ. ಆದರೆ ಮಾನಿಟರ್‌ನ ಅಲಾರಂ ಎಲ್ಲ ಬೆಡ್‌ಗಳಲ್ಲಿದ್ದ ಹಾಗೆ 90ಕ್ಕೇ ಸೆಟ್ ಆಗಿತ್ತು. ಮಧ್ಯಾಹ್ನದ ಹೊತ್ತಿಗೆ ಅಜ್ಜಿ ಚಡಪಡಿಸತೊಡಗಿದರು. ಮಾಸ್ಕ್ ಎಳೀತಾರೆ, ಕಾಲು ಒದರ್ತಾರೆ, ಹಣೆ ಮೇಲೆ ಬೆವರು. ಸ್ಯಾಚುರೇಷನ್ 89. ಅಲಾರಂ ಹೊಡೀತು, ಸೈಲೆಂಟ್ ಮಾಡಿದೆ, ಮತ್ತೆ ಹೊಡೀತು. ಪಕ್ಕದ ಬೆಡ್‌ಗೆ ಆಗತಾನೆ ಹೊಸ ಅಡ್ಮಿಷನ್ ಬಂದಿತ್ತು. ನಾನು ಹೋಗಿ ಆಕ್ಸಿಜನ್ ಫ್ಲೋಮೀಟರ್ ತಿರುಗಿಸಿದೆ, ಅದರೊಳಗಿನ ಗೋಲಿ ಮೇಲೆ ಹೋಯ್ತು, ಸ್ಯಾಚುರೇಷನ್ 98 ಆಯ್ತು, ಅಲಾರಂ ನಿಂತಿತು. ಬೆವರನ್ನು ಗಾಜ್ ಬಟ್ಟೆಯಲ್ಲಿ ಒರೆಸಿದೆ. ಬೆವರು ಬಂದಿತ್ತು ಅಂತ ಎಲ್ಲೂ ಬರೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಅಜ್ಜಿ ತಣ್ಣಗಾದರು. ಮಗ ಬಾಗಿಲಿಂದ ಇಣುಕಿ, "ಸಿಸ್ಟರ್, ಅವ್ವಗ ಈಗ ಆರಾಮ ನಿದ್ದಿ ಹತ್ತೇತಲ್ರೀ?" ಅಂದರು. "ಹೌದ್ರೀ, ಪಾಪ, ಎಷ್ಟ ದಿನದ ನಿದ್ದಿನೋ" ಅಂದೆ. ಮಧ್ಯಾಹ್ನ ಎರಡಕ್ಕೆ ಡ್ಯೂಟಿ ಬದಲಾಗುವಾಗಿನ ಹ್ಯಾಂಡೋವರ್‌ನಲ್ಲೂ ಅದನ್ನೇ ಹೇಳಿದೆ: ಮಲಗಿದ್ದಾರೆ, ಕಂಫರ್ಟಬಲ್, ಸ್ಯಾಚುರೇಷನ್ 98. ಸಂಜೆ ಕರೆದರೆ ಏಳಲಿಲ್ಲ. ಎಬಿಜಿಯಲ್ಲಿ, ಅಂದರೆ ಧಮನಿಯ ರಕ್ತದ ಪರೀಕ್ಷೆಯಲ್ಲಿ, ಪಿಎಚ್ 7.2ಕ್ಕಿಂತ ಕೆಳಗೆ, ಕಾರ್ಬನ್ ಡೈಆಕ್ಸೈಡ್ 90 ದಾಟಿತ್ತು. ಮಾಸ್ಕ್ ಮೂಲಕ ಒತ್ತಡದಿಂದ ಉಸಿರಿಗೆ ನೆರವಾಗೋ ಬೈಪ್ಯಾಪ್ ಹಾಕಿ ನೋಡುವ ಹಂತವೂ ಮೀರಿತ್ತು. ಮತ್ತೆ ಟ್ಯೂಬ್.

ಏನಾಯ್ತು ಅಂತ ಬಿಡಿಸಿ ಹೇಳ್ತೀನಿ, ಯಾಕಂದರೆ ಇದನ್ನು ಯಾರೂ ನನಗೆ ಹೀಗೆ ಹೇಳಿರಲಿಲ್ಲ. ಸ್ಯಾಚುರೇಷನ್ ಹೇಳುವುದು ಆಕ್ಸಿಜನ್ ರಕ್ತಕ್ಕೆ ಸೇರ್ತಿದೆಯಾ ಅಂತ ಮಾತ್ರ. ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗ್ತಿದೆಯಾ ಅನ್ನೋದರ ಬಗ್ಗೆ ಆ ಬೆರಳಿನ ಕ್ಲಿಪ್‌ಗೆ ಏನೂ ಗೊತ್ತಿಲ್ಲ. ಹೆಚ್ಚುವರಿ ಆಕ್ಸಿಜನ್ ಇಲ್ಲದಿದ್ದಾಗ ಉಸಿರು ಸಣ್ಣದಾದರೆ ಸ್ಯಾಚುರೇಷನ್ ಬೇಗ ಬೀಳುತ್ತೆ, ಅದೇ ಎಚ್ಚರಿಕೆ. ಮಾಸ್ಕ್‌ನಲ್ಲಿ ಧಾರಾಳವಾಗಿ ಆಕ್ಸಿಜನ್ ಸುರಿದರೆ ಆ ಎಚ್ಚರಿಕೆ ಮುಚ್ಚಿಹೋಗುತ್ತೆ. ಉಸಿರು ಸಣ್ಣದಾದರೂ 98 ನಿಂತೇ ಇರುತ್ತೆ. ಸಿಒಪಿಡಿಯವರಲ್ಲಿ ಇನ್ನೂ ಒಂದು: ಗಾಳಿ ಸರಿಯಾಗಿ ಓಡಾಡದ ಭಾಗಗಳಿಗೆ ಶ್ವಾಸಕೋಶವೇ ರಕ್ತ ಕಡಿಮೆ ಮಾಡಿಕೊಂಡಿರುತ್ತೆ, ಹೆಚ್ಚು ಆಕ್ಸಿಜನ್ ಹೋದರೆ ಆ ರಕ್ತನಾಳಗಳು ತೆರೆದುಕೊಂಡು ಕೆಲಸಕ್ಕೆ ಬಾರದ ಕಡೆ ರಕ್ತ ಹರಿಯುತ್ತೆ. ಹಿಮೋಗ್ಲೋಬಿನ್ ಕೂಡ ಆಕ್ಸಿಜನ್ ತುಂಬಿಕೊಂಡಾಗ ಕಾರ್ಬನ್ ಡೈಆಕ್ಸೈಡನ್ನು ಬಿಟ್ಟುಕೊಡುತ್ತೆ. ಎಲ್ಲ ಸೇರಿ ಅದು ರಕ್ತದಲ್ಲಿ ಏರುತ್ತೆ, ಏರಿದರೆ ಮಂಪರು. ಚಡಪಡಿಕೆ ಸುಸ್ತಿನ ಗುರುತಾಗಿತ್ತು, ನಿದ್ದೆ ಮಂಪರಾಗಿತ್ತು. ಅಜ್ಜಿಯ 89 ಸರಿಯಾದ ನಂಬರೇ ಆಗಿತ್ತು. ಸರಿ ಇಲ್ಲದಿದ್ದದ್ದು ಅಲಾರಂ ಲಿಮಿಟ್. ಅದನ್ನು 87ಕ್ಕೆ ಇಳಿಸಿ, ಬೆವರು ನೋಡಿದ ತಕ್ಷಣ ಡ್ಯೂಟಿ ಡಾಕ್ಟರ್‌ನ ಕರೆದಿದ್ದರೆ ಎಬಿಜಿ ಆಗಲೇ ಆಗ್ತಿತ್ತು, ಬೈಪ್ಯಾಪ್‌ಗೆ ಸಮಯ ಇರ್ತಿತ್ತು. ನಾನು ಅಲಾರಂಗೆ ಚಿಕಿತ್ಸೆ ಕೊಟ್ಟೆ.

ನನಗೆ ಮೆಮೊ ಬಂತು, ಐಸಿಯುನಿಂದ ತೆಗೆದು ವಾರ್ಡಿಗೆ ಹಾಕಿದರು. ಹೋಗಲಿ. ಅಜ್ಜಿಗೆ ಗಂಟಲಲ್ಲಿ ತೂತು ಮಾಡಿ ಟ್ರೇಕಿಯಾಸ್ಟಮಿ ಮಾಡಬೇಕಾಯ್ತು, ಇನ್ನೊಂದು ಸೋಂಕು ಹತ್ತಿತು. ಕೊನೆಗೆ ಮನೆಗೆ ಹೋದರು, ಸ್ಟ್ರೆಚರ್ ಮೇಲೆ. ಮಗ ಎಮ್ಮೆ ಮಾರಿ ಬಿಲ್ ಕಟ್ಟಿದ್ದು ನನಗೆ ಆಮೇಲೆ ಗೊತ್ತಾಯ್ತು. ವಾರ್ಡಿಗೆ ಹೋದರೆ ಭಯ ಹೋಗುತ್ತೆ ಅಂದುಕೊಂಡಿದ್ದೀರಲ್ಲ, ಹೋಗಲ್ಲ. ಅಲ್ಲಿ ಒಬ್ಬ ಸಿಸ್ಟರ್‌ಗೆ ಅಷ್ಟೊಂದು ಪೇಶೆಂಟ್, ಒಂದು ಮುಖವನ್ನೂ ನಿಂತು ನೋಡಕ್ಕೆ ಆಗಲ್ಲ. ನಾನು ಕೇಳಿಕೊಂಡು ವಾಪಸ್ ಬಂದೆ.

ಈಗ ನಾನು ಮಾಡೋದು ಹೇಳ್ತೀನಿ. ಟ್ರಯಲ್ ಶುರುವಾಗೋ ಮುಂಚೆಯೇ ಅರ್ಧ ಕೆಲಸ ಮುಗಿದಿರಬೇಕು. ತಲೆ ಕಡೆ ಚೆನ್ನಾಗಿ ಎತ್ತಿ ಕೂರಿಸಿ. ಕಫ ಇದ್ದರೆ ಸಕ್ಷನ್ ಮಾಡಿ, 10ರಿಂದ 15 ಸೆಕೆಂಡ್ ಮೀರಬೇಡಿ. ಹೊಟ್ಟೆ ಮುಟ್ಟಿ ನೋಡಿ. ನಾಲ್ಕೈದು ದಿನ ಮಲ ಹೋಗದೆ ಹೊಟ್ಟೆ ಉಬ್ಬಿದ್ದರೆ ವಪೆ (ಡಯಾಫ್ರಮ್, ಉಸಿರೆಳೆಯೋ ಮುಖ್ಯ ಸ್ನಾಯು) ಕೆಳಗೆ ಇಳಿಯೋದು ಹೇಗೆ? ಇದನ್ನು ಯಾವ ಮೋಡ್ ಸರಿ ಮಾಡುತ್ತೆ? ಎನಿಮಾ ಮಾಡುತ್ತೆ. ನೋವಿಗೆ ಔಷಧಿ ಕೊಟ್ಟಾಗಿದೆಯಾ, ರಾತ್ರಿ ನಿದ್ದೆ ಆಗಿದೆಯಾ, ಪೊಟ್ಯಾಸಿಯಂ, ಫಾಸ್ಫೇಟ್ ರಿಪೋರ್ಟ್ ಏನಂತಿದೆ ನೋಡಿ. ವೆಂಟಿಲೇಟರ್ ಮೇಲಿದ್ದವರ ವಪೆ ಪ್ಲಾಸ್ಟರ್ ಹಾಕಿದ ಕೈ ಇದ್ದ ಹಾಗೆ, ಕೆಲಸವಿಲ್ಲದೆ ಸೊರಗಿರುತ್ತೆ. ಒಂದೆರಡು ದಿನದಲ್ಲೇ ಅದರ ಎಳೆಗಳು ಸಣ್ಣಗಾಗುತ್ತವೆ ಅಂತ 2008ರಲ್ಲೇ ತೋರಿಸಿದ್ದಾರೆ. ಆ ಸ್ನಾಯುವಿಗೆ ಇದ್ದಬದ್ದ ಅಡಚಣೆ ತೆಗೆದುಕೊಡುವುದು ಡಾಕ್ಟರ್ ಕೆಲಸ ಅಲ್ಲ, ನಮ್ಮದು.

ಹ್ಯಾಂಡೋವರ್ ಹತ್ತಿರ ಇದ್ದರೆ ಟ್ರಯಲ್‌ಗೆ ನಾನು ಒಪ್ಪಲ್ಲ. ಇದಕ್ಕೆ ಜಗಳ ಆಡಿದ್ದೀನಿ, ಆಡ್ತೀನಿ. ಟಿ-ಪೀಸ್‌ಗೆ ಹಾಕಿದ ಮೇಲೆ ವೆಂಟಿಲೇಟರ್‌ನ ಒಂದು ಅಲಾರಂ ಕೂಡ ಕೆಲಸ ಮಾಡಲ್ಲ. ಮಾನಿಟರ್ ತೋರಿಸೋ ಉಸಿರಿನ ಎಣಿಕೆ ಎದೆಯ ಎಲೆಕ್ಟ್ರೋಡ್‌ನಿಂದ ಬರೋದು, ಕೆಮ್ಮಿದರೂ ಹೊರಳಿದರೂ ತಪ್ಪು ತೋರಿಸುತ್ತೆ. ಸ್ಟೂಲ್ ಎಳ್ಕೊಂಡು ಕೂತು ಪೂರ್ತಿ ಒಂದು ನಿಮಿಷ ನೀವೇ ಎಣಿಸಿ. ಹೊಟ್ಟೆ ಮೇಲೆ ಒಂದು ಕೈ ಇಡಿ: ಉಸಿರು ಎಳೆದಾಗ ಹೊಟ್ಟೆ ಮೇಲೆ ಬರಬೇಕು, ಒಳಗೆ ಹೋಗ್ತಿದ್ದರೆ ವಪೆ ಸೋತಿದೆ ಅಂತ ಅರ್ಥ. ಉಸಿರು 35 ದಾಟಿ ಅಲ್ಲೇ ನಿಂತರೆ, ನಾಡಿ 140 ದಾಟಿದರೆ, ಮೇಲಿನ ಬಿಪಿ 180 ಮೀರಿದರೆ ಅಥವಾ 90ಕ್ಕಿಂತ ಇಳಿದರೆ, ಬೆವರು, ಹೊಸ ಚಡಪಡಿಕೆ, ಹೊಸ ನಿದ್ದೆ, ಯಾವುದು ಕಂಡರೂ ಕರೆದು ಹೇಳಿ, ಬರೀರಿ. ಚಡಪಡಿಸ್ತಾರೆ ಅಂತ ಕೈ ಕಟ್ಟಿ, ನಿದ್ದೆಯ ಔಷಧಿ ಮಿಡಜೋಲಂ ಕೇಳೋ ಹುಡುಗೀರನ್ನ ನೋಡಿದರೆ ನನಗೆ ಸಿಟ್ಟು ಬರುತ್ತೆ. ಕಾರಣ ಹುಡುಕದೆ ಮಲಗಿಸೋದೂ ನಾನು ಗೋಲಿ ಏರಿಸಿದ್ದೂ ಒಂದೇ.

ಟ್ರಯಲ್ ಫೇಲ್ ಆದರೆ ನಿಮ್ಮ ಮರ್ಯಾದೆ ಹೋಗಲ್ಲ. ಹತ್ತು ನಿಮಿಷದಲ್ಲೇ ಗುರುತಿಸಿ ವಾಪಸ್ ವೆಂಟಿಲೇಟರ್‌ಗೆ ಹಾಕಿಸಿದ್ರಾ, ಆ ಸ್ನಾಯು ಉಳಿಸಿದ್ರಿ. ಅವತ್ತು ವಿಶ್ರಾಂತಿ, ನಾಳೆ ಮತ್ತೆ. ದಿನಕ್ಕೊಂದು ಟ್ರಯಲ್ ಸಾಕು, ಅದೇ ದಿನ ಮತ್ತೆಮತ್ತೆ ಮಾಡಿ ಲಾಭವಿಲ್ಲ ಅಂತ 1995ರ ಸ್ಪೇನ್‌ನ ಅಧ್ಯಯನದಲ್ಲೇ ಗೊತ್ತಾಗಿದೆ. ದಮ್ಮಿನವರಾದರೆ ಟ್ಯೂಬ್ ತೆಗೆದ ಕೂಡಲೇ ಬೈಪ್ಯಾಪ್ ಹಾಕೋಣವಾ ಅಂತ ನೀವೇ ಕೇಳಿ. ಕೇಳಿದರೆ ಯಾರೂ ಬೈಯಲ್ಲ, ಬೈದರೂ ಕೇಳಿ.

ಕೀಟನಾಶಕ ಕುಡಿದು ಬಂದವರ ವಿಷಯವೇ ಬೇರೆ. ನಮ್ಮ ಜಿಲ್ಲೆಗಳ ಐಸಿಯುಗಳಲ್ಲಿ ಅವರಿಗೆ ಬರವಿಲ್ಲ, ನಿಮಗೂ ಸಿಕ್ಕೇ ಸಿಗ್ತಾರೆ. ಆರ್ಗನೋಫಾಸ್ಫರಸ್ ಆದರೆ ಮೊದಲ ದಿನ ಚೆನ್ನಾಗಿದ್ದವರು ಒಂದರಿಂದ ನಾಲ್ಕು ದಿನದ ಒಳಗೆ ಮತ್ತೆ ಉಸಿರಿನ ಬಲ ಕಳೆದುಕೊಳ್ಳಬಹುದು. ಟ್ಯೂಬ್ ತೆಗೆಯೋ ಮಾತು ಬಂದಾಗ "ತಲೆ ಎತ್ತಪ್ಪಾ" ಅನ್ನಿ. ದಿಂಬಿಂದ ತಲೆ ಎತ್ತಿ ಐದು ಸೆಕೆಂಡ್ ಹಿಡಿಯಕ್ಕೆ ಆಗದಿದ್ದರೆ ಎಬಿಜಿ ಎಷ್ಟೇ ಚೆನ್ನಾಗಿದ್ದರೂ ಡಾಕ್ಟರ್‌ಗೆ ಹೇಳಿ ತಡೆಯಿರಿ.

ಕೋರ್ಸ್ ದುಡ್ಡು ಉಳಿಸಿಕೊಳ್ಳಿ. ನಿಮ್ಮ ಐಸಿಯುನಲ್ಲಿ ಇರೋದು ಎರಡೋ ಮೂರೋ ಥರದ ಮಷಿನ್. ಡ್ಯೂಟಿ ಮುಗಿದ ಮೇಲೆ ಇನ್‌ಚಾರ್ಜ್ ಸಿಸ್ಟರ್ ಜೊತೆ ಖಾಲಿ ಬೆಡ್‌ನ ವೆಂಟಿಲೇಟರ್‌ಗೆ ಟೆಸ್ಟ್ ಲಂಗ್ (ಶ್ವಾಸಕೋಶದ ಬದಲಿಗೆ ಸಿಕ್ಕಿಸೋ ಚೀಲ) ಹಾಕಿ ಆನ್ ಮಾಡಿ ನೋಡಿದರೆ ಮೋಡ್‌ಗಳು ತಾವಾಗೇ ಬರುತ್ತವೆ. ಅದಕ್ಕಿಂತ ಮೊದಲು ನಿಮ್ಮ ಮುಂದಿನ ಪೇಶೆಂಟ್‌ನ ಅಲಾರಂ ಲಿಮಿಟ್ ಎಷ್ಟಕ್ಕಿದೆ ನೋಡಿ, ಫೈಲಿನ ಗುರಿಗೆ ಹೊಂದಿಸಿ.

ಇನ್ನೊಂದು, ಯಾರೂ ಹೇಳಿಕೊಡದೇ ಇರೋದು. ಟ್ಯೂಬ್ ತೆಗೆದರು ಅಂತ ಕೇಳಿದ್ದೇ ಮನೆಯವರು ಫ್ಲಾಸ್ಕಲ್ಲಿ ಚಹಾ, ಗಂಜಿ ಹಿಡ್ಕೊಂಡು ಬಾಗಿಲಿಗೆ ಬರ್ತಾರೆ. ಒಳಗೆ ಬಿಡಬೇಡಿ. ದಿನಗಟ್ಟಲೆ ಟ್ಯೂಬ್ ಇದ್ದ ಗಂಟಲು ನುಂಗೋದು ಮರೆತಿರಬಹುದು, ಚಹಾ ನೇರ ಶ್ವಾಸಕೋಶಕ್ಕೆ ಹೋಗಬಹುದು. ಡಾಕ್ಟರ್ ಒಪ್ಪಿದ ಮೇಲೆ, ನೆಟ್ಟಗೆ ಕೂರಿಸಿ, ಮೊದಲು ಚಮಚದಲ್ಲಿ ನೀರು ಕೊಟ್ಟು ಕೆಮ್ಮು ಬರುತ್ತಾ, ದನಿ ಗೊರಗೊರ ಆಗುತ್ತಾ ನೋಡಿ. ಹಾಗೇನಾದರೂ ಆದರೆ ಅಲ್ಲಿಗೇ ನಿಲ್ಲಿಸಿ. ಆಗದಿದ್ದರೆ ಇನ್ನೊಂದು ಚಮಚ.