ಸಿಡಿಲು ಮರಕ್ಕೆ, ಸುಟ್ಟಿದ್ದು ಇನ್ವರ್ಟರ್!

ಪ್ರಶ್ನೆ: ಚಾವಣಿಯಲ್ಲಿ ಸೋಲಾರ್ ಇದೆ, ಮಿಂಚುವಾಹಕವೂ ಇದೆ. ಸಿಡಿಲು ಪಕ್ಕದ ಮರಕ್ಕೆ ಬಿದ್ದರೂ ನಮ್ಮ ಇನ್ವರ್ಟರ್ ಸುಟ್ಟಿತು. ಹೇಗೆ?

ಉತ್ತರ: ನನ್ನದೂ ಹೀಗೇ ಹೋಗಿತ್ತು, ನಿಮ್ಮ ಸಂಕಟ ಗೊತ್ತು. ಸಿಡಿಲು ಹತ್ತಿರ ಬಿದ್ದರೆ ಸಾಕು, ವೈರುಗಳಲ್ಲಿ ಕ್ಷಣಮಾತ್ರ ಸಾವಿರಾರು ವೋಲ್ಟ್ ಹುಟ್ಟಬಹುದು. ಮಿಂಚುವಾಹಕ ಇದನ್ನು ತಡೆಯುವುದಿಲ್ಲ. ಅದಕ್ಕೆ ಸರ್ಜ್ ಪ್ರೊಟೆಕ್ಟರ್ (ಹಠಾತ್ ಏರಿದ ವೋಲ್ಟೇಜನ್ನು ನೆಲಕ್ಕೆ ಹರಿಸುವ ಸಾಧನ) ಬೇಕು, ಡಿಸಿ (ಪ್ಯಾನೆಲ್) ಕಡೆಗೂ ಎಸಿ (ಮನೆಯ ಕರೆಂಟ್) ಕಡೆಗೂ. ಪ್ಯಾನೆಲ್‌ನಿಂದ ಇನ್ವರ್ಟರ್‌ವರೆಗಿನ ವೈರು 10 ಮೀಟರ್‌ಗಿಂತ ಜಾಸ್ತಿ ಇದ್ದರೆ ಅದರ ಎರಡೂ ತುದಿಗೆ ಹಾಕಿಸಿ.

ನನ್ನ ಮನೆಯಲ್ಲಿ ಪ್ಲಸ್ ವೈರು ಒಂದು ಗೋಡೆಯಲ್ಲಿ, ಮೈನಸ್ ಇನ್ನೊಂದರಲ್ಲಿ ಇಳಿದಿತ್ತು. ನಡುವೆ ದೊಡ್ಡ ಕುಣಿಕೆ! ಕುಣಿಕೆ ದೊಡ್ಡದಾದಷ್ಟೂ ಸಿಡಿಲಿನಿಂದ ಅದರಲ್ಲಿ ಹುಟ್ಟುವ ವೋಲ್ಟೇಜ್ ಜಾಸ್ತಿ ಅಲ್ವಾ? ಎರಡನ್ನೂ ಜೊತೆಯಾಗಿಯೇ ಎಳೆಸಿ. ಮಿಂಚುವಾಹಕ, ಸೋಲಾರ್, ಮನೆ ಇವುಗಳ ಅರ್ತಿಂಗ್‌ಗಳನ್ನು ಒಂದಕ್ಕೊಂದು ಜೋಡಿಸಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ಪ್ರೊಟೆಕ್ಟರ್‌ನ ಪುಟ್ಟ ಕಿಂಡಿ ಕೆಂಪಾದರೆ ತಕ್ಷಣ ಬದಲಿಸಿ.