ಬೆಳಗಾವಿ ಚಳಿಗೆ ಕಸಿ ಮಾಡಿದ ಟ್ರೀ ರೋಸ್ (ಒಂದೇ ಉದ್ದ ಕಾಂಡದ ಮೇಲೆ ಪುಟ್ಟ ಮರದಂತೆ ಬೆಳೆಸಿದ ಗುಲಾಬಿ) ಗಿಡವನ್ನು ಸುತ್ತಿ ಮುಚ್ಚಿಡಬೇಕಾ?

ಬೇಡ. ಬೆಳಗಾವಿಯ ಡಿಸೆಂಬರ್-ಜನವರಿ ರಾತ್ರಿ ನಮ್ಮನ್ನು ಎಷ್ಟೇ ನಡುಗಿಸಿದರೂ ಗಿಡದೊಳಗಿನ ನೀರು ಹೆಪ್ಪುಗಟ್ಟುವಷ್ಟು ಚಳಿ ಇಲ್ಲಿ ಬರುವುದಿಲ್ಲ. ಗುಲಾಬಿಗೆ ಅದು ಚೆನ್ನಾಗಿ ಹೂ ಬಿಡುವ ಕಾಲ.

ಹಿಮ ಬೀಳುವ ಊರುಗಳಲ್ಲಿ ಗಿಡ ಮುಚ್ಚುವುದಕ್ಕೆ ಕಾರಣ ಕಸಿಯ ಗಂಟು, ಅಂದರೆ ಬೇರು ಕೊಡುವ ಕಾಡುಗುಲಾಬಿಗೆ ಹೂವಿನ ತಳಿಯನ್ನು ಕೂಡಿಸಿದ ಜಾಗ. ಮಾಮೂಲಿ ಗುಲಾಬಿಯಲ್ಲಿ ಅದು ನೆಲದ ಹತ್ತಿರ ಇರುತ್ತದೆ, ಒಂದಿಷ್ಟು ಮಣ್ಣು ಏರಿಸಿದರೆ ಸಾಕು. ಟ್ರೀ ರೋಸ್‌ನಲ್ಲಿ ಗಂಟು ಸುಮಾರು 3 ಅಡಿ ಎತ್ತರದಲ್ಲಿ, ಕಾಂಡದ ತುದಿಯಲ್ಲಿ. ಅಲ್ಲಿ ಕೊರೆಯುವ ಗಾಳಿ ಬಡಿದು ಗಂಟು ಸತ್ತರೆ ಮತ್ತೆ ಚಿಗುರುವುದು ಬೇರಿನ ಕಾಡುಗುಲಾಬಿ ಮಾತ್ರ. ಅದಕ್ಕೇ ಅಮೆರಿಕದ ಮಿನ್ನೆಸೋಟದಲ್ಲಿ ಒಂದು ಬದಿಯ ಬೇರು ಸಡಿಲಿಸಿ, ಇಡೀ ಗಿಡವನ್ನೇ ಗುಂಡಿಯಲ್ಲಿ ಮಲಗಿಸಿ ಮಣ್ಣು ಮುಚ್ಚುತ್ತಾರೆ! ಗಾಳಿಯಷ್ಟು ಬೇಗ ಮಣ್ಣು ತಣ್ಣಗಾಗುವುದಿಲ್ಲ, ಅಲ್ವಾ.

ಇಲ್ಲಿ ಭಯ ಮಳೆಗಾಲದ ಗಾಳಿಯದು. ತಲೆಭಾರದ ಗಿಡ, ಗಂಟಿನಲ್ಲೇ ಮುರಿಯಬಹುದು. ಗಂಟಿಗಿಂತ ತುಸು ಎತ್ತರದ ಗಟ್ಟಿ ಗೂಟ ನೆಟ್ಟು ಕಟ್ಟಿ. ಗಂಟಿನ ಕೆಳಗೆ ಬರುವ ಚಿಗುರನ್ನು ಎಳೆಯದಾಗಿರುವಾಗಲೇ ಕಿತ್ತು ಹಾಕಿ. ವಿಜಯಪುರದ ಕಡೆಯವರು ಗೋಣಿಪಟ್ಟಿ ಸುತ್ತುವುದಾದರೆ ಏಪ್ರಿಲ್-ಮೇ ತಿಂಗಳಲ್ಲಿ ಸುತ್ತಿ, ಕಾಂಡದ ಸಿಪ್ಪೆ ಬಿಸಿಲಿಗೆ ಸುಡುವುದಿಲ್ಲ.