ಪೆಡ್ಡರ್ ರಸ್ತೆಯ ಏರಿನಲ್ಲಿ ನಿಲ್ಲಿ

ಮುಂಬಯಿ ಮ್ಯಾರಥಾನಿನಲ್ಲಿ 42.195 ಕಿ.ಮೀ. ಓಡಲಿರುವ ತಂಗಿಯನ್ನು ಎಲ್ಲಿ ನಿಂತು ಹುರಿದುಂಬಿಸಬೇಕೆಂದು ಅಕ್ಕಲಕೋಟೆಯಿಂದ ಕೇಳಿದ್ದೀರಿ. ನಾನು ಸೊಲ್ಲಾಪುರದವನು, ತಮ್ಮ ಓಡಿದಾಗ ಕೊನೆಯ ಗೆರೆಯ ಬಳಿಯೇ ಕಾದು, ಜನಜಂಗುಳಿಯಲ್ಲಿ ಅವನ ಮುಖವನ್ನೂ ಕಾಣದೆ ಪೆಚ್ಚಾದವನು.

ನನ್ನ ಅಭಿಪ್ರಾಯದಲ್ಲಿ ಮರಳುವ ದಾರಿಯ ಪೆಡ್ಡರ್ ರಸ್ತೆಯೇ ಸರಿ. ಮೂವತ್ತು ಕಿ.ಮೀ. ದಾಟಿದ ಮೇಲೆ ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಇಂಧನ ಬಹುಮಟ್ಟಿಗೆ ಕರಗಿ ಕಾಲು ಭಾರವಾಗುವ ಹೊತ್ತಿಗೆ ಸರಿಯಾಗಿ ಆ ಏರು ಎದುರಾಗುವುದರಿಂದ, ಪರಿಚಿತ ದನಿಯೊಂದು ಅಲ್ಲಿ ಕೇಳಿದರೆ ಆಗುವ ಉಪಕಾರ ಬೇರೆಲ್ಲಿಯೂ ಆಗದು. ತಂಗಿ ಕಿ.ಮೀ.ಗೆ ಏಳು ನಿಮಿಷದಂತೆ ಓಡುವವಳಾದರೆ ಆ ಏರು ಬರುವ 35 ಕಿ.ಮೀ.ವರೆಗೆ ನಾಲ್ಕು ಗಂಟೆ ಐದು ನಿಮಿಷ ಹಿಡಿಯುತ್ತದೆ. ಅರ್ಧ ಗಂಟೆ ಮೊದಲೇ ಅಲ್ಲಿರಿ. ರಸ್ತೆಗಳು ಮುಚ್ಚಿರುವುದರಿಂದ ಟ್ಯಾಕ್ಸಿಯನ್ನು ನಂಬದೆ ಗ್ರ್ಯಾಂಟ್ ರೋಡಿನವರೆಗೆ ಲೋಕಲ್ ರೈಲಿನಲ್ಲಿ ಹೋಗಿ ನಡೆಯಿರಿ. ರಸ್ತೆಯ ಯಾವ ಬದಿಯಲ್ಲಿ, ಯಾವ ಬಣ್ಣದ ಅಂಗಿಯಲ್ಲಿ ನಿಂತಿರುತ್ತೀರೆಂದು ಹಿಂದಿನ ದಿನವೇ ಅವಳಿಗೆ ತಿಳಿಸಿ.

‘ಇನ್ನೇನು ಮುಗಿಯಿತು’ ಎಂದು ಮಾತ್ರ ಕೂಗಬೇಡಿ, ಏಕೆಂದರೆ ಇನ್ನೂ ಏಳು ಕಿ.ಮೀ. ಉಳಿದಿರುತ್ತದೆ. ಮರಾಠಿ ಘೋಷಗಳ ನಡುವೆ ಅವಳ ಹೆಸರನ್ನು ಕನ್ನಡದಲ್ಲಿ ಕರೆದರೆ ಸಾಕು. ನನ್ನ ತಮ್ಮನಂತೂ ಮರುವರ್ಷ ಅಷ್ಟಕ್ಕೇ ತಿರುಗಿ ನೋಡಿ ನಕ್ಕಿದ್ದ.